ಮೂರು ವರ್ಷ ಇಟ್ಕೊಳ್ಳಿ, ಆಮೇಲೆ ವಾಪಸ್ ಕೊಡಿ

ಘಾನಾದ ಕುಮಾಸಿಗೆ ಲಂಡನ್ನಿನ ಎರಡು ಮ್ಯೂಸಿಯಂಗಳು 32 ವಸ್ತುಗಳನ್ನು ಸಾಲ ಕೊಟ್ಟ ಸುದ್ದಿ ನೀವೂ ಓದಿರುತ್ತೀರಿ. ಒಂದು ಬ್ರಿಟಿಷ್ ಮ್ಯೂಸಿಯಂ, ಇನ್ನೊಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್. 2024ರ ಮೇ ತಿಂಗಳಲ್ಲಿ ಅವು ಮನ್ಹಿಯಾ ಅರಮನೆಯ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಬಂದವು. ಕರಾರು ಮೂರು ವರ್ಷದ್ದು. ಬೇಕಿದ್ದರೆ ಇನ್ನೂ ಮೂರು ವರ್ಷ ರಿನ್ಯೂ ಮಾಡಿಸಬಹುದು, ಲೈಬ್ರರಿ ಪುಸ್ತಕದ ಹಾಗೆ. ಆಮೇಲೆ ಹುಷಾರಾಗಿ ಪ್ಯಾಕ್ ಮಾಡಿ ಲಂಡನ್ನಿಗೆ ಕಳಿಸಬೇಕು. ಬಹುಪಾಲು ವಸ್ತುಗಳು ಅದೇ ಕುಮಾಸಿಯ ಅಸಾಂಟೆ ಜನಾಂಗದ ರಾಜರ ಮನೆಯಿಂದಲೇ ಹೊತ್ತೊಯ್ದವು ಅನ್ನುವುದು ಸಣ್ಣ ವಿಷಯ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಇದು ಹಿಂಬಾಗಿಲಿನಿಂದ ವಾಪಸ್ ಕೊಡುವ ವ್ಯವಹಾರ ಅಲ್ಲ ಅಂತ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನ ನಿರ್ದೇಶಕರು ಮೊದಲೇ ಹೇಳಿಬಿಟ್ಟರು. ಸರಿಯಾದ ಮಾತೇ. ಒಯ್ಯುವಾಗ ಮುಂಬಾಗಿಲಿನಿಂದಲೇ ಒಯ್ದಿದ್ದರಲ್ಲ. ಅದೂ ಲೆಕ್ಕ ಬರೆದುಕೊಂಡು.

ಆ ಲೆಕ್ಕದ ವಿಷಯಕ್ಕೆ ನಾನು ಬ್ರಿಟಿಷರಿಗೆ ನಿಜಕ್ಕೂ ಕೈಮುಗಿಯುತ್ತೇನೆ. 1872ರಲ್ಲಿ ಡಚ್ಚರು ಘಾನಾದ ಕರಾವಳಿಯ ಎಲ್ಮಿನಾ ಕೋಟೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಎಲ್ಮಿನಾ ನಮ್ಮದು, ಸಮುದ್ರಕ್ಕೆ ನಮ್ಮ ದಾರಿ ಅದು ಅಂತ ಅಸಾಂಟೆಗಳು ದಂಡು ಕಳಿಸಿದರು. ಕೊಟ್ಟವನೂ ಯುರೋಪಿನವನು, ತಗೊಂಡವನೂ ಯುರೋಪಿನವನು. ಅದು ನಮ್ಮದು ಕಣ್ರಪ್ಪಾ ಅಂದವನು ಮಾತ್ರ ದಾಳಿಕೋರ! 1874ರ ಫೆಬ್ರವರಿಯಲ್ಲಿ ಜನರಲ್ ವುಲ್ಸ್ಲಿ ಸೈನ್ಯ ಕುಮಾಸಿಗೆ ಬಂತು. ಅರಮನೆಯಲ್ಲಿ ಏನೇನು ಒಯ್ಯಬೇಕು ಅಂತ ಆರಿಸೋದಕ್ಕೆ ಅಂತಲೇ ಅಧಿಕಾರಿಗಳಿದ್ದರು. ಅವರು ಆರಿಸಿ ಮುಗಿಸಿದ ಮೇಲೆ ಅರಮನೆಯನ್ನು ಮದ್ದಿಟ್ಟು ಉಡಾಯಿಸಿದರು. ಊರಿಗೆ ಬೆಂಕಿ ಕೊಟ್ಟರು. ಆಮೇಲೆ ಫೊಮೆನಾ ಒಪ್ಪಂದದಲ್ಲಿ ಯುದ್ಧದ ಖರ್ಚು ಅಂತ 50,000 ಔನ್ಸ್ ಬಂಗಾರದ ಬಿಲ್ಲು ಕೊಟ್ಟರು. ಹತ್ತಿರ ಹತ್ತಿರ ಒಂದೂವರೆ ಟನ್! ನಿಮ್ಮ ಮನೆ ಸುಡಲು ನಮಗೆ ಬಹಳ ಖರ್ಚಾಯಿತು, ದಯವಿಟ್ಟು ಪಾವತಿಸಿ.

ಲೂಟಿಯ ಮಾಲು ಹರಾಜಾಯಿತು. ಒಂದಷ್ಟು ಬಂಗಾರ ರಾಣಿಯ ಆಭರಣದ ಅಂಗಡಿಯಾದ ಗ್ಯಾರಾರ್ಡ್ ಕೈಗೆ ಹೋಯಿತು. ಅದೇ ವರ್ಷ ಅಲ್ಲಿಂದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ದುಡ್ಡು ಕೊಟ್ಟು ಕೊಂಡಿತು. ಈಗ ಯಾರಾದರೂ ಕೇಳಿದರೆ ಮ್ಯೂಸಿಯಂನವರು ಧೈರ್ಯವಾಗಿ ಹೇಳಬಹುದು: ನಾವು ಕದ್ದಿಲ್ಲ ಸ್ವಾಮಿ, ಕೊಂಡದ್ದು.

ಆ ಬಿಲ್ಲು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಫ್ರೆಂಚರು, ಜರ್ಮನ್ನರು ಅಕ್ಕಪಕ್ಕದಲ್ಲಿ ಜಾಗ ಹಿಡಿಯುತ್ತಿದ್ದರು. ಅವರಿಗಿಂತ ಮೊದಲು ನಾವೇ ನುಗ್ಗೋಣ ಅಂತ ಬ್ರಿಟಿಷರಿಗೆ ಅನ್ನಿಸಿದಾಗ ನೆನಪಾದದ್ದು ಬಾಕಿ ಬಂಗಾರ. 1896ರಲ್ಲಿ ಮತ್ತೆ ಸೈನ್ಯ ಬಂತು. ರಾಜ ಪ್ರೆಂಪೆ ಜಗಳಕ್ಕೆ ನಿಲ್ಲಲಿಲ್ಲ, ಗವರ್ನರ್ ಕಾಲು ಹಿಡಿದ. ಆದರೂ ಅವನನ್ನೂ ಅವನ ತಾಯಿಯನ್ನೂ ಹಿಡಿದುಕೊಂಡು ಹೋದರು. ಕೊನೆಗೆ ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಅವನು ಊರಿಗೆ ಮರಳಿದ್ದು 1924ರಲ್ಲಿ.

ಆ 1896ರ ದಂಡಿನಲ್ಲಿ ಬೇಡನ್ ಪೊವೆಲ್ ಅನ್ನುವ ಅಧಿಕಾರಿಯೂ ಇದ್ದ. ಹೌದು, ಅದೇ ಸ್ಕೌಟ್ಸ್‌ನ ಬೇಡನ್ ಪೊವೆಲ್. ಶಾಲೆಯಲ್ಲಿ ನಾವು ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು, ಮೂರು ಬೆರಳೆತ್ತಿ ಪ್ರತಿಜ್ಞೆ ಮಾಡಿದ್ದು ಅವನ ಹೆಸರಲ್ಲೇ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು ಅಂತ ಮೇಷ್ಟ್ರು ಹೇಳಿಕೊಡುತ್ತಿದ್ದರು. ಕುಮಾಸಿಯ ಪಾಠ ಯಾಕೋ ಸಿಲಬಸ್‌ನಲ್ಲಿ ಇರಲಿಲ್ಲ.

1900ರಲ್ಲಿ ಬಂದ ಗವರ್ನರ್ ಹಾಡ್ಜ್‌ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನಿಮ್ಮ ಚಿನ್ನದ ಪೀಠ ಎಲ್ಲಿ, ನನ್ನನ್ನು ಅದರ ಮೇಲೆ ಯಾಕೆ ಕೂರಿಸಿಲ್ಲ ಅಂತ ಸಭೆಯಲ್ಲೇ ಕೇಳಿದ. ಅಸಾಂಟೆಗಳಿಗೆ ಅದು ಇಡೀ ಜನಾಂಗದ ಜೀವ. ಅದರ ಮೇಲೆ ಅವರ ರಾಜನೂ ಕೂರುವುದಿಲ್ಲ. ಯಾ ಅಸಾಂಟೆವಾ ಅನ್ನುವ ರಾಜಮಾತೆಯ ನೇತೃತ್ವದಲ್ಲಿ ಜನ ದಂಗೆ ಎದ್ದರು. ಅವಳನ್ನೂ ಸೇಶೆಲ್ಸ್‌ಗೆ ಕಳಿಸಿದರು, ಅಲ್ಲೇ ಸತ್ತಳು. ಪೀಠ ಮಾತ್ರ ಗವರ್ನರ್ ಕೈಗೆ ಸಿಗಲಿಲ್ಲ. ಸಿಕ್ಕಿದ್ದಿದ್ದರೆ ಅದೂ ಈಗ ಮೂರು ವರ್ಷಕ್ಕೆ ಸಾಲವಾಗಿ ಬರುತ್ತಿತ್ತು.

ಯಾಕೆ ಸಾಲ, ಪೂರ್ತಿ ಕೊಟ್ಟುಬಿಡಿ ಅಂದರೆ ಕಾನೂನು ಬಿಡುವುದಿಲ್ಲವಂತೆ. ಬ್ರಿಟಿಷ್ ಮ್ಯೂಸಿಯಂಗೆ 1963ರ ಕಾಯ್ದೆ ಅಡ್ಡ, ಇನ್ನೊಂದಕ್ಕೆ 1983ರದ್ದು. ಪಾಪ, ಆ ಕಾಯ್ದೆಗಳು ಆಕಾಶದಿಂದ ಬಿದ್ದವು ನೋಡಿ! ಮಾಡಿದ್ದು ಅವರದೇ ಪಾರ್ಲಿಮೆಂಟು. ನಾಜಿಗಳು ದೋಚಿದ ವಸ್ತುಗಳನ್ನು ವಾರಸುದಾರರಿಗೆ ಕೊಡಬೇಕು ಅಂದಾಗ ಅದೇ ಪಾರ್ಲಿಮೆಂಟು 2009ರಲ್ಲಿ ಹೊಸ ಕಾಯ್ದೆ ತಂದಿತು. ಒಳ್ಳೆಯ ಕೆಲಸ, ತಕರಾರಿಲ್ಲ. ದೋಚಿದವನು ಬೇರೆಯವನಾದರೆ ಕಾನೂನು ಎಷ್ಟು ಚೆನ್ನಾಗಿ ಬಗ್ಗುತ್ತದೆ ಅಲ್ವಾ? ಅಮೆರಿಕದ ಫೌಲರ್ ಮ್ಯೂಸಿಯಂ ಅದೇ 2024ರಲ್ಲಿ ಏಳು ಅಸಾಂಟೆ ವಸ್ತುಗಳನ್ನು ಕುಮಾಸಿಗೆ ಕಾಯಂ ಆಗಿ ಕೊಟ್ಟುಬಿಟ್ಟಿತು. ಅದಕ್ಕೇನೂ ಆಕಾಶ ಕಳಚಿ ಬೀಳಲಿಲ್ಲ.

ನಿಜ ಹೇಳಿದವರು ಡೇವಿಡ್ ಕ್ಯಾಮರಾನ್. 2010ರಲ್ಲಿ ಪ್ರಧಾನಿಯಾಗಿ ಭಾರತಕ್ಕೆ ಬಂದಿದ್ದಾಗ, ಬೆಂಗಳೂರಿಗೂ ಬಂದಿದ್ದರು, ಟಿವಿಯವರು ಕೊಹಿನೂರ್ ಬಗ್ಗೆ ಕೇಳಿದರು. ಒಂದಕ್ಕೆ ಹೂಂ ಅಂದರೆ ಬ್ರಿಟಿಷ್ ಮ್ಯೂಸಿಯಂ ಖಾಲಿಯಾಗುತ್ತೆ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಪೊಲೀಸ್ ಸ್ಟೇಷನ್ನಿನಲ್ಲೂ ಇಷ್ಟು ಸಲೀಸಾಗಿ ಯಾರೂ ಒಪ್ಪಿಕೊಳ್ಳುವುದಿಲ್ಲ.

ಇನ್ನೊಂದು ಹಳೆಯ ರಾಗ ಇದೆ. ನಮ್ಮ ಹತ್ತಿರ ಇದ್ದರೆ ಭದ್ರ. 2023ರಲ್ಲಿ ಅದೇ ಬ್ರಿಟಿಷ್ ಮ್ಯೂಸಿಯಂನ ಉಗ್ರಾಣದಿಂದ ಸುಮಾರು 2,000 ವಸ್ತುಗಳು ಕಾಣೆಯಾಗಿವೆ, ಇಲ್ಲವೇ ಹಾಳಾಗಿವೆ ಅಂತ ಗೊತ್ತಾಯಿತು. ಕೆಲವು ಇಬೇಯಲ್ಲಿ ಮಾರಾಟಕ್ಕಿದ್ದವು. ಇದನ್ನು ಕಂಡುಹಿಡಿದ ವ್ಯಾಪಾರಿಯೊಬ್ಬ 2021ರಲ್ಲೇ ಹೇಳಿದ್ದ. ಎಲ್ಲ ಸರಿಯಾಗಿದೆ ಅಂದು ಕಳಿಸಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಆಮೇಲೆ ಎಲ್ಲಾದರೂ ಕಂಡರೆ ನಮಗೆ ತಿಳಿಸಿ, ಅವು ನಮಗೆ ವಾಪಸ್ ಬೇಕು ಅಂತ ಊರಿಗೆಲ್ಲ ಕೇಳಿಕೊಂಡರು. ಕಳೆದುಕೊಂಡವರ ಸಂಕಟ ಅಂದರೇನು ಅಂತ ಕೊನೆಗೂ ತಿಳಿಯಿತು.

ನಮ್ಮ ಟಿಪ್ಪುವಿನ ಹುಲಿಯ ಭದ್ರತೆ ಹೇಗಿತ್ತು ಗೊತ್ತಾ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಂಹಾಸನವನ್ನು ಒಡೆದು ಪಾಲು ಹಾಕಿಕೊಂಡರು. ಮರದ ಹುಲಿ ಇಡಿಯಾಗಿ ಲಂಡನ್ನಿಗೆ ಹೋಯಿತು. ಹಿಡಿ ತಿರುಗಿಸಿದರೆ ಹುಲಿ ಗುರ್ ಅನ್ನುತ್ತದೆ, ಅದರ ಕೆಳಗೆ ಬಿದ್ದಿರುವ ಬಿಳಿಯ ನರಳುತ್ತಾನೆ. ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ಅದನ್ನೇ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಾ ಕೂತವರಿಗೆ ತಲೆ ಚಿಟ್ಟು ಹಿಡಿದಿತ್ತಂತೆ. ಕೊನೆಗೆ ಹಿಡಿಯೇ ಮಾಯವಾಯಿತು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು, ಮೇಲಿನ ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಜೋಡಿಸಿ ನಿಲ್ಲಿಸಿದರು, ಅದು ಬೇರೆ ಮಾತು. ಶ್ರೀರಂಗಪಟ್ಟಣದಲ್ಲಿ ಇದ್ದಿದ್ದರೆ ಏನು ಗತಿಯಾಗುತ್ತಿತ್ತೋ!

ಆದರೆ ಈ ಕಲೆಯಲ್ಲಿ ಅವರ ಮೇರು ಕೃತಿ ಇಥಿಯೋಪಿಯಾದ ಮಕ್ದಲಾ ಕೋಟೆಯ ಲೂಟಿ. ಅಲ್ಲಿನ ದೊರೆ ತೆವೊದ್ರೋಸ್ 1862ರಲ್ಲಿ ವಿಕ್ಟೋರಿಯಾ ರಾಣಿಗೆ ಸ್ನೇಹ ಬಯಸಿ ಒಂದು ಪತ್ರ ಬರೆದ. ಪತ್ರ ಲಂಡನ್ನಿನ ಕಚೇರಿಯಲ್ಲಿ ಫೈಲಿನೊಳಗೆ ಹೋಯಿತು. ಉತ್ತರವಿಲ್ಲ. ತಾಲೂಕು ಆಫೀಸಿಗೆ ಅಲೆದವರಿಗೆ ಅವನ ಸಿಟ್ಟು ಅರ್ಥವಾದೀತು. ಅವನು ಬ್ರಿಟಿಷ್ ಕಾನ್ಸಲ್‌ನನ್ನೇ ಒಳಗೆ ಹಾಕಿದ. ಒಳಗೆ ಹಾಕಿದ್ದು ತಪ್ಪೇ. ಆದರೆ ಒಂದು ಕಾಗದಕ್ಕೆ ಉತ್ತರ ಬರೆಯುವ ಬದಲು ಅವರು ಬೊಂಬಾಯಿಯಿಂದ ಸೈನ್ಯ ಕಳಿಸಿದರು, ಜೊತೆಗೆ ಫಿರಂಗಿ ಹೊರಲು ಭಾರತದ ಆನೆಗಳು. ಭಾರತದ ಸೈನಿಕರ ಮಾಮೂಲಿ ಸಂಬಳವನ್ನು ಭಾರತದ ಬೊಕ್ಕಸವೇ ಕೊಡಲಿ ಅಂತ ಲಂಡನ್ನಿನಲ್ಲಿ ತೀರ್ಮಾನವಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಸೈನ್ಯದ ಜೊತೆ ಬ್ರಿಟಿಷ್ ಮ್ಯೂಸಿಯಂನ ರಿಚರ್ಡ್ ಹೋಮ್ಸ್ ಅನ್ನುವವರೂ ಹೊರಟರು. ಗಮನಿಸಿ, ಯುದ್ಧ ಮುಗಿದ ಮೇಲೆ ಹೋದದ್ದಲ್ಲ, ಜೊತೆಗೇ. 1868ರ ಏಪ್ರಿಲ್‌ನಲ್ಲಿ ಕೋಟೆ ಬಿತ್ತು. ತೆವೊದ್ರೋಸ್ ರಾಣಿಯೇ ಉಡುಗೊರೆ ಕೊಟ್ಟಿದ್ದ ಪಿಸ್ತೂಲಿನಿಂದ ಗುಂಡು ಹೊಡೆದುಕೊಂಡ. ಲೂಟಿ ಸಾಗಿಸಲು 15 ಆನೆ, ಸುಮಾರು 200 ಹೇಸರಗತ್ತೆ ಬೇಕಾದವಂತೆ. ದಾರಿಯಲ್ಲೇ ಹರಾಜು. ಹೋಮ್ಸ್ ಮ್ಯೂಸಿಯಂ ಪರವಾಗಿ ಕೂಗಿದರು.

ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿ 11 ತಾಬೊತ್‌ಗಳಿವೆ, ಬಹುಪಾಲು ಮಕ್ದಲಾದವೇ. ಇಥಿಯೋಪಿಯಾದ ಚರ್ಚುಗಳ ಗರ್ಭಗುಡಿಯಲ್ಲಿ ಇರಬೇಕಾದ ಫಲಕಗಳು. ಪಾದ್ರಿಗಳನ್ನು ಬಿಟ್ಟು ಬೇರೆಯವರು ನೋಡುವಂತಿಲ್ಲ. ಮ್ಯೂಸಿಯಂ ಇದನ್ನು ಶ್ರದ್ಧೆಯಿಂದ ಪಾಲಿಸುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಇಟ್ಟಿದೆ. ಜನರಿಗೆ ತೋರಿಸುವುದಿಲ್ಲ. ಸಂಶೋಧಕರಿಗೆ ಕೊಡುವುದಿಲ್ಲ. ಮ್ಯೂಸಿಯಂನ ಸಿಬ್ಬಂದಿಯೂ ನೋಡುವುದಿಲ್ಲ. ಇಡೀ ಜಗತ್ತಿಗಾಗಿ ಕಾಪಾಡುತ್ತಿದ್ದೇವೆ ಅನ್ನುವವರು, ಜಗತ್ತಿನಲ್ಲಿ ಯಾರೂ ನೋಡದ ಹಾಗೆ ಕಾಪಾಡುತ್ತಿದ್ದಾರೆ. ಇಷ್ಟೆಲ್ಲ ಭಕ್ತಿ ಇದ್ದರೂ ವಾಪಸ್ ಮಾತ್ರ ಇಲ್ಲ. ಬ್ರಿಟನ್ನಿನಲ್ಲೇ ಇರುವ ಇಥಿಯೋಪಿಯನ್ ಚರ್ಚೊಂದಕ್ಕೆ ಸಾಲ ಕೊಡುವ ಆಸೆ ಇದೆಯಂತೆ.

ಇಲ್ಲಿವರೆಗೆ ನಗಬಹುದು. ಆ ಲೂಟಿಯ ಜೊತೆ ತೆವೊದ್ರೋಸನ ಮಗನನ್ನೂ ಕರೆದೊಯ್ದರು. ಅಲೆಮಾಯೆಹು. ಏಳು ವರ್ಷದ ಹುಡುಗ. ತಾಯಿ ದಾರಿಯಲ್ಲೇ ಸತ್ತಳು. ಇಂಗ್ಲೆಂಡಿನಲ್ಲಿ ಅವನ ಫೋಟೋ ತೆಗೆದರು, ರಾಣಿಗೆ ತೋರಿಸಿದರು, ಆ ಶಾಲೆ ಈ ಶಾಲೆ ಅಂತ ಹಾಕಿದರು. 1879ರಲ್ಲಿ, 18ನೇ ವಯಸ್ಸಿನಲ್ಲಿ, ಲೀಡ್ಸ್‌ನಲ್ಲಿ ಸತ್ತ. ವಿಂಡ್ಸರ್ ಕೋಟೆಯ ಚಾಪೆಲ್‌ನಲ್ಲಿ ಹೂತರು. ಅವನ ಅಪ್ಪನ ಹೆಣದಿಂದ ಕತ್ತರಿಸಿದ್ದ ಕೂದಲನ್ನು ಲಂಡನ್ನಿನ ಸೇನಾ ಮ್ಯೂಸಿಯಂ 2019ರಲ್ಲಿ ಇಥಿಯೋಪಿಯಾಕ್ಕೆ ಕೊಟ್ಟಿತು. ಹುಡುಗನನ್ನೂ ಕೊಡಿ ಅಂತ ಮನೆತನದವರು ಕೇಳಿದ್ದಕ್ಕೆ 2023ರಲ್ಲಿ ಅರಮನೆಯಿಂದ ಬಂದ ಉತ್ತರ: ಅವನನ್ನು ಹೊರತೆಗೆದರೆ ಅಕ್ಕಪಕ್ಕದಲ್ಲಿ ಮಲಗಿರುವವರಿಗೆ ತೊಂದರೆಯಾಗುತ್ತದೆ. ಬೇಕಿದ್ದರೆ ನಿಮ್ಮವರು ಬಂದು ನೋಡಿಕೊಂಡು ಹೋಗಬಹುದು.

ಅಕ್ಕಪಕ್ಕದವರಿಗೆ ತೊಂದರೆ! ಅಪ್ಪ ಸತ್ತು, ಅಮ್ಮ ಸತ್ತು, ಊರು ಸುಟ್ಟು, ಗೊತ್ತಿಲ್ಲದ ಚಳಿ ದೇಶದಲ್ಲಿ ಒಬ್ಬನೇ ಬೆಳೆದ ಮಗು ಅದು. ಅವನ ತೊಂದರೆಯನ್ನು ಯಾರು ಕೇಳಿದ್ದರು? ಅವನನ್ನು ಯಾರೂ ಗ್ಯಾರಾರ್ಡ್ ಅಂಗಡಿಯಲ್ಲಿ ಕೊಂಡದ್ದಲ್ಲ. ಅವನಿಗೆ 1963ರ ಕಾಯ್ದೆಯೂ ಇಲ್ಲ, 1983ರದ್ದೂ ಇಲ್ಲ. ಅವನು ಮ್ಯೂಸಿಯಂನ ವಸ್ತುವೇ ಅಲ್ಲ. ಆದರೂ ಕೊಡುವುದಿಲ್ಲ. ಹಾಗಾದರೆ ಇಷ್ಟು ವರ್ಷ ಕಾನೂನು ಕಾನೂನು ಅಂತ ಯಾರ ಕಿವಿಗೆ ಹೂ ಇಡುತ್ತಿದ್ದಿರಿ ಸ್ವಾಮಿ?