ಪಾಳಿ ಹಚ್ಚೋದಾದರೆ ಮಕ್ಕಳಿಗೆ ಹಚ್ಚಿ

ನಿನ್ನೆ ಸಂಜೆ ಬಾಗಲಕೋಟೆಯ ನವನಗರ ಬಸ್ ನಿಲ್ದಾಣದಲ್ಲಿ ಕಂಡದ್ದಕ್ಕೆ ರಾತ್ರಿ ನಿದ್ದೆ ಹತ್ತಲಿಲ್ಲ.

ಇಬ್ಬರು ಅಣ್ಣತಮ್ಮಂದಿರು. ಒಬ್ಬ ಹುಬ್ಬಳ್ಳಿ ಬಸ್ಸಿನಿಂದ ಅವ್ವನ ಕೈಹಿಡಿದು ಇಳಿದ. ಇನ್ನೊಬ್ಬ ವಿಜಯಪುರದಿಂದ ಬಂದು ಕಾಯುತ್ತಿದ್ದ. ಒಂದನೇ ತಾರೀಖು ಅಲ್ವಾ, ತಾಯಿಯನ್ನು ನೋಡಿಕೊಳ್ಳುವ ಪಾಳಿ ಬದಲಾಗುವ ದಿನ. ಅಣ್ಣ ಒಂದು ಬಟ್ಟೆ ಚೀಲ, ಒಂದು ಮಾತ್ರೆ ಕವರ್ ಕೊಟ್ಟ. ತಮ್ಮ ಬಿಚ್ಚಿ ನೋಡಿದ. ಎಲ್ಲ ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು, ಮಾತ್ರೆಯ ಹೆಸರಿದ್ದ ಕಡೆಯೇ ಕತ್ತರಿ ಬಿದ್ದಿದೆ. "ಇದು ಊಟಕ್ಕ ಮೊದಲೋ, ಆಮ್ಯಾಲೋ?" ಅಂದ. "ಅವ್ವನ್ನ ಕೇಳು, ಆಕಿಗೆ ಗೊತ್ತೈತಿ." ಆ ತಾಯಿ ಚೀಲದಲ್ಲಿ ಕೈಯಾಡಿಸಿ, "ನನ್ನ ಚಾಳೀಸು ಅಲ್ಲೇ ಉಳೀತಪ್ಪ" ಅಂದರು. "ಇರಲಿ ಬಿಡವ್ವ, ಮುಂದಿನ ಪಾಳಿಗೆ ಹೋದಾಗ ಸಿಗತೈತಿ."

ಒಂದು ತಿಂಗಳು ಕಣ್ಣು ಕಾಣದೆ ಇರಬೇಕಂತೆ!

ಇಬ್ಬರೂ ಕೆಟ್ಟವರಲ್ಲ. ಬೈದಾಡಲಿಲ್ಲ, ತಾಯಿಗೆ ನೀರಿನ ಬಾಟಲಿ ಕೊಡಿಸಿದರು. ನನಗೆ ಸಿಟ್ಟು ಬಂದದ್ದು ಆ ಪದ್ಧತಿ ಮೇಲೆ. ಹೊಲ ಹಂಚಿದ ಹಾಗೆ ತಾಯಿಯ ತಿಂಗಳುಗಳನ್ನು ಹಂಚಿಕೊಳ್ಳುತ್ತೇವೆ. ಮಕ್ಕಳು ಇದ್ದಲ್ಲೇ ಇರುತ್ತಾರೆ, ಎಂಬತ್ತರ ಹತ್ತಿರದ ಜೀವ ಊರೂರು ತಿರುಗುತ್ತದೆ. ಯಾಕೆ? ಗಟ್ಟಿಮುಟ್ಟಾಗಿ ಇರುವವರು ತಿರುಗಬೇಕೋ, ಮಂಡಿನೋವಿನವರು ತಿರುಗಬೇಕೋ?

ಬಾಗಲಕೋಟೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬಂದವರು ನಾವು. ಅಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್ ಅನ್ನೋ ಅಂಕಿ ನಮ್ಮ ಅವ್ವನಂಥವರಿಗೂ ಬಾಯಿಪಾಠ. ಮುಳುಗಡೆಯಾಗಿ ನವನಗರಕ್ಕೆ ಬಂದಾಗ ಆಕೆ ಹಾಲಿನವರಿಂದ ಹಿಡಿದು ಹಿಟ್ಟಿನ ಗಿರಣಿವರೆಗೆ ಎಲ್ಲ ಹೊಸದಾಗಿ ಗುರುತು ಮಾಡಿಕೊಂಡಳು. ವರ್ಷಗಟ್ಟಲೆ ಹಿಡಿಯಿತು. ಒಮ್ಮೆ ಊರು ಬಿಟ್ಟ ಜನರನ್ನು ನಾವು ಪ್ರತಿ ತಿಂಗಳೂ ಮನೆ ಬಿಡಿಸುತ್ತೇವಲ್ಲ!

ಮನೆ ಬದಲಾದಾಗ ಬರೀ ಮನಸ್ಸಿಗೆ ಬೇಜಾರಾಗುವುದಲ್ಲ. ರಾತ್ರಿ ಎದ್ದರೆ ಬಚ್ಚಲು ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ಈ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟ ಮುರಿದರೆ ಮತ್ತೆ ಏಳುವುದು ಕಷ್ಟ. ಡಾಕ್ಟರೂ ಬದಲು. ಒಬ್ಬರು ಬರೆದ ಬಿಪಿ ಮಾತ್ರೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಜಗಳ ಕಡಿಮೆ ಆಗಲಿಲ್ಲ. ಆದರೆ ಒಂದು ಮಾತಿಗೆ ಮೂವರೂ ಒಪ್ಪಿದೆವು: ಅವ್ವ ತನ್ನ ಮನೆಯಲ್ಲೇ ಇರುತ್ತಾಳೆ, ಪಾಳಿ ನಮ್ಮದು. ಅಣ್ಣ ಪುಣೆಯಿಂದ, ಅಕ್ಕ ಜಮಖಂಡಿಯಿಂದ ಬರುತ್ತಾರೆ, ನಾನು ಇದೇ ಊರಲ್ಲಿದ್ದೇನೆ. ಬೆಳಗಿನ ಕೆಲಸಕ್ಕೆ ಒಬ್ಬ ಹೆಣ್ಣುಮಗಳನ್ನು ಇಟ್ಟಿದ್ದೇವೆ, ಅವರ ಸಂಬಳ ಅಣ್ಣನದು. ಫ್ರಿಜ್ ಮೇಲೆ ಒಂದು ನೋಟ್‌ಬುಕ್ ಇದೆ. ರಕ್ತದಲ್ಲಿ ಸಕ್ಕರೆ ಎಷ್ಟಿತ್ತು, ಯಾವ ಮಾತ್ರೆ ಮುಗಿಯಿತು, ಯಾರು ಎಷ್ಟು ಖರ್ಚು ಮಾಡಿದರು, ಎಲ್ಲ ಅದರಲ್ಲಿ.

ಮತ್ತೊಂದು ಮಾತು. ತಾಯಿ ಮಗನ ಮನೆಗೆ ಹೋದರೆ ಹೆಸರಿಗೆ ಮಗನ ಪಾಳಿ, ದುಡಿಯುವವಳು ಸೊಸೆ. ಮಗ ಆಫೀಸಿಗೆ ಹೋಗಿ ಸಂಜೆ ಬಂದು "ಹೆಂಗಿದ್ದೀ ಅವ್ವ" ಅಂದರೆ ಮುಗಿಯಿತು. ಇಲ್ಲಿ ತನ್ನ ಪಾಳಿಗೆ ಅಣ್ಣ ಒಬ್ಬನೇ ಬರುತ್ತಾನೆ. ಅವನೇ ಜೋಳದ ನುಚ್ಚು ಕುದಿಸುತ್ತಾನೆ, ಅವನೇ ಅವ್ವನ ಮಂಡಿಗೆ ಎಣ್ಣೆ ತಿಕ್ಕುತ್ತಾನೆ. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತಿದ್ದೇನೆ. ಸಂತೋಷಕ್ಕೆ.

"ಎಲ್ಲರಿಗೂ ಹಿಂಗ ಆಗೂದಿಲ್ಲರೀ, ನೌಕರಿ ಇರತೈತಿ, ಮಕ್ಕಳ ಸಾಲಿ ಇರತೈತಿ" ಅಂತೀರಿ. ಇರಲಿ. ಮದುವೆಗೆ ರಜೆ ಸಿಗುತ್ತದೆ, ಜಾತ್ರೆಗೆ ಸಿಗುತ್ತದೆ, ತಾಯಿಗೆ ಯಾಕೆ ಸಿಗುವುದಿಲ್ಲ? ಹಾಸಿಗೆ ಹಿಡಿದಿದ್ದಾರೆ, ಒಬ್ಬರೇ ಇರಲಾಗದು ಅಂದರೆ ಒಂದೇ ಮನೆಯಲ್ಲಿ ಇರಲಿ, ಉಳಿದವರು ಅಲ್ಲಿಗೆ ಬಂದು ರಾತ್ರಿ ಎಚ್ಚರ ಕೂರಲಿ. ತಿಂಗಳಿಗೆ ದುಡ್ಡು ಕಳಿಸಿ ಕೈ ತೊಳೆದುಕೊಳ್ಳೋದು ಪಾಲು ಅಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ರಾತ್ರಿ ಎರಡಕ್ಕೆ ಎದ್ದು ಬಚ್ಚಲಿಗೆ ಕರೆದೊಯ್ಯುವ ಕೈಯನ್ನು ಯಾವ ಆಫೀಸೂ ಕೊಡಿಸಲಾರದು.

ಹೆಣ್ಣುಮಕ್ಕಳೇ, ಆ ಕಾಯ್ದೆಯಲ್ಲಿ ಮಕ್ಕಳು ಅಂದರೆ ನಾವೂ ಸೇರುತ್ತೇವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಬಂತಲ್ವಾ, "ನಾನು ಕೊಟ್ಟ ಮನೆಯವಳು" ಅನ್ನೋದು ಬಿಡೋಣ. ಅಣ್ಣತಮ್ಮಂದಿರೇ, ಅಕ್ಕತಂಗಿ ಬಂದು ನಿಂತರೆ "ಆಸ್ತಿಗೆ ಬಂದಳು" ಅನ್ನೋದು ನೀವೂ ಬಿಡಿ.

ಹಬ್ಬಕ್ಕೆ ಎಲ್ಲರೂ ಸೇರಿದಾಗ ಈ ಮಾತು ತೆಗೆಯಿರಿ. ಅವ್ವ ಅಪ್ಪನನ್ನು ಮೊದಲು ಕೇಳಿ, ಎಲ್ಲಿ ಇರ್ತೀರಿ ಅಂತ. ನಮ್ಮ ನೋಟ್‌ಬುಕ್ಕಿನ ಫೋಟೋ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸುತ್ತೇನೆ.