ಬೋರ್ಡ್ ಹೆದರಿಸುತ್ತದೆ, ಕಥೆ ಹೇಳುವುದಿಲ್ಲ

ಹಳೇ ದೇವಸ್ಥಾನಗಳ ಮುಂದಿನ ನೀಲಿ ಬೋರ್ಡನ್ನು ನೀವೂ ನೋಡಿರುತ್ತೀರಿ. ಸಂರಕ್ಷಿತ ಸ್ಮಾರಕ, 1958ರ ಕಾಯ್ದೆ, ಹಾಳು ಮಾಡಿದರೆ ಜೈಲು, ದಂಡ. ಸರಿ, ಹೆದರಿಸಿದ್ದಾಯಿತು. ಇಲ್ಲಿ ನಡೆದದ್ದೇನು ಸ್ವಾಮಿ? ಅದನ್ನು ಯಾರು ಹೇಳಬೇಕು?

ಶಿಕಾರಿಪುರ ತಾಲ್ಲೂಕನ್ನೇ ತಗೊಳ್ಳಿ. ಬಸ್ಸಿನ ಕಿಟಕಿಯಿಂದ ಕಾಣುವುದು ಮೆಕ್ಕೆಜೋಳ, ಅಡಿಕೆ ತೋಟ. ಆದರೆ ಶಿರಾಳಕೊಪ್ಪದ ಆಸುಪಾಸಿನಲ್ಲೇ ಅಕ್ಕಮಹಾದೇವಿಯ ಉಡುತಡಿ ಇದೆ, ಅಲ್ಲಮನ ಬಳ್ಳಿಗಾವಿ ಇದೆ, ತಾಳಗುಂದ ಇದೆ.

ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದೆ 5ನೇ ಶತಮಾನದ ಕಲ್ಲುಕಂಬವೊಂದಿದೆ. ಕುಬ್ಜ ಅನ್ನುವ ಕವಿ ಸಂಸ್ಕೃತದಲ್ಲಿ ಪದ್ಯ ಕಟ್ಟಿ, ಕಲ್ಲಿನ ಮೇಲೆ ತಾನೇ ಬರೆದಿದ್ದಾನೆ. ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ದರ್ಭೆ, ಸಮಿತ್ತು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಕದಂಬರ ರಾಜ್ಯ ಶುರುವಾಗಿದ್ದು ಹೀಗೆ ಅಂತ ಆ ಕಂಬವೇ ಹೇಳುತ್ತದೆ. ಇಷ್ಟು ಸಾಕಲ್ವಾ ಒಂದು ಬೋರ್ಡಿಗೆ? ಶಾಸನ ಓದಲು ಬರದವರಿಗೆ ಅದು ಸುಮ್ನೆ ಒಂದು ಕಂಬ.

ಇನ್ನು ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಎಷ್ಟೋ ಕಲ್ಲುಗಳು ಊರಿನ ದನ ಹೊಡೆದುಕೊಂಡು ಹೋದವರ ಹಿಂದೆ ಓಡಿ ಸತ್ತವರವು. ರಾಜರಲ್ಲ, ಊರಿನ ಜನ. ಊರವರು ಎಣ್ಣೆ ಹಚ್ಚಿ ಕುಂಕುಮ ಇಟ್ಟ ಕಲ್ಲು ಹೇಗೋ ಉಳಿಯುತ್ತದೆ. ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಸಿಕ್ಕ ಕಲ್ಲಿನ ಗತಿ ಕೇಳಬೇಡಿ.

ಅಮೆರಿಕದ ವರ್ಜೀನಿಯಾದಲ್ಲಿ 1927ರಿಂದಲೇ ಹೆದ್ದಾರಿ ಪಕ್ಕ ಇತಿಹಾಸದ ಫಲಕ ನಿಲ್ಲಿಸುತ್ತಿದ್ದಾರೆ. ಕೌಂಟಿಗಳ, ಅಂದರೆ ಅಲ್ಲಿನ ಜಿಲ್ಲೆಗಳ, ಗಡಿಯಲ್ಲೂ ಫಲಕಗಳಿವೆ. ಈ ಕೌಂಟಿ ಯಾವಾಗ ಆಯಿತು, ಹೆಸರು ಎಲ್ಲಿಂದ ಬಂತು, ನಾಲ್ಕೇ ಸಾಲು. ನಮ್ಮ ತಾಲ್ಲೂಕಿನ ಗಡಿಯಲ್ಲಿ ಸ್ವಾಗತ ಕೋರುವ ಕಮಾನಿಗೆ, ಅದರ ಮೇಲಿನ ಫೋಟೋಗಳಿಗೆ ದುಡ್ಡಿಗೆ ಬರವಿಲ್ಲ. ಅದರ ಜೊತೆಗೇ ಇದನ್ನೂ ಮಾಡಬಹುದು.

ಬರೆಯುವವರು ಯಾರು ಅಂತ ಕೇಳಬೇಡಿ. ಇಲ್ಲಿನ ಬಹುಪಾಲು ಶಾಸನಗಳು ನೂರು ವರ್ಷದ ಹಿಂದೆಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ತಾಲ್ಲೂಕುವಾರು ಅಚ್ಚಾಗಿವೆ. ಊರಿನ ಶಾಲೆಯ ಮೇಷ್ಟ್ರು, ಒಬ್ಬ ಶಾಸನ ತಜ್ಞರು ಕೂತರೆ ಮುಗಿಯಿತು. ಇದೇ ತಾಲ್ಲೂಕಿನ ಬಂದಳಿಕೆ ಕ್ರಾಸಿಗೆ ನನ್ನ ಕಡೆಯಿಂದ ಒಂದು:

“ಇಲ್ಲಿಗೆ ಹತ್ತನೇ ಶತಮಾನದ ಆರಂಭದಲ್ಲಿ ಜಕ್ಕಿಯಬ್ಬೆ ಬಂದಳು. ಗಂಡ ಸತ್ತ ಮೇಲೆ ನಾಗರಖಂಡ 70 ಅನ್ನುವ ಎಪ್ಪತ್ತು ಊರುಗಳ ನಾಡಿನ ಆಡಳಿತ ನಡೆಸಿದ ನಾಳ್ಗಾವುಂಡಿ, ಅಂದರೆ ನಾಡಿನ ಮುಖ್ಯಸ್ಥೆ ಇವಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿದಳು. ಈ ತೀರ್ಥದಲ್ಲಿ ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ ಮಾಡಿ ಪ್ರಾಣ ಬಿಟ್ಟಳು.”

ಅಕ್ಷರ ಮಾತ್ರ ದಪ್ಪಗಿರಲಿ, ಬಸ್ಸಲ್ಲಿ ಕೂತವರಿಗೂ ಓದೋಕಾಗಬೇಕು.