ತಲೆ ಎಣಿಸಿ ನೆಲವೋ, ನೆಲ ಅಳೆದು ತಲೆಯೋ?

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಾರ್ಕೋ ಅಂತ ಒಂದು ಊರಿದೆ. ಅಲ್ಲಿ ಫುಟ್‌ಪಾತ್ ಇರಬೇಕಾದ ಕಡೆ ಕುದುರೆ ದಾರಿ ಇದೆ. ಸಿಮೆಂಟ್ ಇಲ್ಲ, ಬರೀ ಮಣ್ಣು, ಪಕ್ಕದಲ್ಲಿ ಬೇಲಿ. ಅಂಗಡಿಗಳ ಮುಂದೆ ಕಾರು ನಿಲ್ಲಿಸುವ ಜಾಗದ ಜೊತೆಗೆ ಕುದುರೆ ಕಟ್ಟುವ ಕಂಬಗಳೂ ಇರುತ್ತವೆ. ರಸ್ತೆ ದಾಟುವ ಸಿಗ್ನಲ್ ಬಟನ್ ಕೂಡ ಕೆಲವು ಕಡೆ ಕುದುರೆ ಮೇಲೆ ಕೂತವರ ಕೈಗೆ ಎಟುಕುವ ಎತ್ತರದಲ್ಲಿದೆ. ಸುಮಾರು ಅರ್ಧ ಎಕರೆಯ ಸೈಟುಗಳು, ಮುಂದೆ ಮನೆ, ಹಿಂದೆ ಲಾಯ. ಸುತ್ತಮುತ್ತ ಮನೆಗಳು ಒತ್ತೊತ್ತಾಗಿ ಏಳುತ್ತಿದ್ದಾಗ, ತಮ್ಮ ಕುದುರೆ ಕೋಳಿಗಳನ್ನು ಉಳಿಸಿಕೊಳ್ಳಬೇಕು ಅಂತಲೇ ಅಲ್ಲಿನವರು 1964ರಲ್ಲಿ ಪ್ರತ್ಯೇಕ ನಗರವಾದರು.

ನಾನಿರುವುದು ಅಲ್ಲಿಗೆ ಹತ್ತಿರದಲ್ಲೇ, ಆದರೆ ಬೇರೆ ಊರು. ನಮ್ಮ ಬಡಾವಣೆಯಲ್ಲಿ ಕುದುರೆ ಹಾಗಿರಲಿ, ಒಂದು ಹುಂಜ ಸಾಕುವ ಹಾಗೂ ಇಲ್ಲ. ಅಮ್ಮ ಬಂದಿದ್ದಾಗ ಹಿತ್ತಲಲ್ಲಿ ನಿಂತು ನೋಡಿ ಕೇಳಿದರು: "ಇಷ್ಟು ಜಾಗ ಸುಮ್ನೆ ಬಿದ್ದಿದೆಯಲ್ಲೋ, ಒಂದು ಹಸು ಕಟ್ಟಬಾರದಾ?"

"ಇಲ್ಲಮ್ಮ, ಬಿಡಲ್ಲ."

"ಯಾರು ಬಿಡಲ್ಲ? ಮನೆ ನಿಂದೇ ಅಲ್ವಾ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಅಮೆರಿಕದ ಉತ್ತರ 1926ರದ್ದು. ಒಹಾಯೊ ರಾಜ್ಯದ ಯೂಕ್ಲಿಡ್ ಅನ್ನುವ ಊರು ತನ್ನ ನೆಲವನ್ನೆಲ್ಲ ವಲಯಗಳಾಗಿ ಹಂಚಿ, ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಅಂತ ಗೆರೆ ಎಳೆದಿತ್ತು. ಜಮೀನಿದ್ದ ಒಂದು ಕಂಪನಿ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟ್ ಊರಿನ ಪರ ನಿಂತಿತು. ಆ ತೀರ್ಪಿನಲ್ಲಿ ಒಂದು ಮಾತಿದೆ: ಉಪದ್ರವ ಅನ್ನುವುದು ಎಷ್ಟೋ ಸಲ ಸರಿಯಾದ ವಸ್ತುವೇ, ಇರಬಾರದ ಕಡೆ ಇರುತ್ತದೆ ಅಷ್ಟೆ, ಕೊಟ್ಟಿಗೆಯಲ್ಲಿ ಇರಬೇಕಾದ ಹಂದಿ ನಡುಮನೆಯಲ್ಲಿ ಇದ್ದ ಹಾಗೆ. ಇಲ್ಲಿನ ಝೋನಿಂಗ್, ಅಂದರೆ ಈ ವಲಯ ಹಂಚಿಕೆ, ಎಲ್ಲ ನಿಂತಿರುವುದು ಈ ಹಂದಿಯ ಮೇಲೆ. ಹಂದಿ ಮೇಲೆ ಯಾರಿಗೂ ಕೋಪವಿಲ್ಲ, ಅದು ನಿಂತ ಜಾಗದ ಮೇಲಷ್ಟೇ ತಕರಾರು.

ಹಾಗಾಗಿ ಇಲ್ಲಿ ಎಲ್ಲಕ್ಕೂ ಅಳತೆ. ಲಾಸ್ ಏಂಜಲೀಸ್ ನಗರದ ನಿಯಮವನ್ನೇ ನೋಡಿ. ಕುದುರೆ ಇಡಬಹುದಾದ ವಸತಿ ವಲಯದಲ್ಲೂ ಸೈಟು ಕನಿಷ್ಠ 17,500 ಚದರ ಅಡಿ ಇರಬೇಕು. ನಮ್ಮ ಲೆಕ್ಕದಲ್ಲಿ 16 ಗುಂಟೆ. ಆಮೇಲೆ ಪ್ರತಿ 4,000 ಚದರ ಅಡಿಗೆ ಒಂದು ಕುದುರೆ. ಮೂವತ್ತು ನಲವತ್ತರ ಮೂರು ಸೈಟು ಸೇರಿಸಿದರೂ ಒಂದು ಕುದುರೆಗೆ ಸಾಲದು. ಇದರ ಮೇಲೆ ಸೆಟ್‌ಬ್ಯಾಕ್. ಲಾಯ ಪಕ್ಕದ ಮನೆಯ ಗೋಡೆಯಿಂದ ಇಷ್ಟು ದೂರ, ನಿಮ್ಮದೇ ಮನೆಯಿಂದ ಇಷ್ಟು ದೂರ ಇರಬೇಕು. ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಅಂಕಿ. ಕೆಲವು ಊರುಗಳು ಪ್ರಾಣಿಗಳಿಗೆ ಒಂದು ಘಟಕದ ಲೆಕ್ಕ ಇಟ್ಟಿವೆ: ಕುದುರೆ ಹಸುವಿಗೆ ಒಂದು, ಆಡು ಕುರಿಗೆ ಅದರಲ್ಲೊಂದು ಪಾಲು, ಹೀಗೆ.

ಓದುವಾಗ ನಗು ಬರುತ್ತದೆ, ನಿಜ. ಆದರೆ ಈ ಅಂಕಿಗಳೆಲ್ಲ ಹುಚ್ಚಾಟ ಅಲ್ಲ. ನನ್ನ ಸಹೋದ್ಯೋಗಿಯೊಬ್ಬರು ಮನೆ ಹಿಂದೆ ಎರಡು ಕುದುರೆ ಸಾಕಿದ್ದಾರೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಹಲ್ಲುಗೋಲು ಹಿಡಿದು ಲದ್ದಿ ಎತ್ತಬೇಕು. ಸುಮಾರು 450 ಕಿಲೋ ತೂಗುವ ಕುದುರೆ ದಿನಕ್ಕೆ ಲದ್ದಿ, ಗಂಜಲ ಸೇರಿ 20 ಕಿಲೋ ಮೀರಿ ಹಾಕುತ್ತದೆ. ಎರಡು ಕುದುರೆ, ಏಳು ದಿನ. ಲೆಕ್ಕ ಹಾಕಿ ನೋಡಿ. ಅದನ್ನೆಲ್ಲ ಮುಚ್ಚಳವಿರುವ ದೊಡ್ಡ ಡಬ್ಬದಲ್ಲಿ ತುಂಬಿಟ್ಟರೆ ವಾರಕ್ಕೊಮ್ಮೆ ಲಾರಿ ಬಂದು ಒಯ್ಯುತ್ತದೆ. ವಾರಕ್ಕೊಮ್ಮೆ ಅನ್ನುವ ಈ ನಿಯಮ ಯಾಕೆ? ಬೇಸಿಗೆಯ ಶೆಖೆಯಲ್ಲಿ ನೊಣದ ಮೊಟ್ಟೆ ನೊಣವಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಅಷ್ಟರೊಳಗೆ ಲದ್ದಿ ಜಾಗ ಬಿಟ್ಟರೆ ನೊಣವೂ ಹುಟ್ಟುವುದಿಲ್ಲ, ಪಕ್ಕದ ಮನೆಯವರ ದೂರೂ ಹುಟ್ಟುವುದಿಲ್ಲ. ಯಾರೋ ಬುದ್ಧಿವಂತರು ಕೂತು ಬರೆದ ನಿಯಮ ಅನ್ನಿಸಿತು ನನಗೆ.

ಅವರ ಕುದುರೆಗಳು ಮೇಯುವುದಿಲ್ಲ. ಇದು ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಅರ್ಧ ಎಕರೆಯ ಸೈಟಿನಲ್ಲಿ ಮನೆ, ಗ್ಯಾರೇಜು ಹೋಗಿ ಉಳಿದದ್ದು ಬರೀ ಗಟ್ಟಿ ಮಣ್ಣು. ಒಂದು ಕುದುರೆಯ ಹೊಟ್ಟೆ ತುಂಬಲು ಒಳ್ಳೆಯ ಹುಲ್ಲಿರುವ ಎಕರೆಗಟ್ಟಲೆ ನೆಲ ಬೇಕು, ಈ ಒಣ ಸೀಮೆಯಲ್ಲಿ ಅದು ಎಲ್ಲಿಂದ ಬರಬೇಕು? ಮೇವೆಲ್ಲ ಕೊಂಡು ತಂದದ್ದೇ. ಇಂಪೀರಿಯಲ್ ಕಣಿವೆಯಲ್ಲಿ ಕೊಲೊರಾಡೊ ನದಿ ನೀರು ಹರಿಸಿ ಬೆಳೆದ ಕುದುರೆಮಸಾಲೆ ಸೊಪ್ಪು, ಒಣಗಿಸಿ ಕಟ್ಟಿದ ಹೊರೆ. ಅಂದರೆ ಮನೆ ಹಿತ್ತಲಿನ ಪ್ರಾಣಿಯ ಹುಲ್ಲುಗಾವಲು ನೂರು ಮೈಲಿಗೂ ಆಚೆ, ಇನ್ಯಾರದೋ ಹೊಲದಲ್ಲಿದೆ. ಅದರ ಬಗ್ಗೆ ಯಾವ ಊರಿನ ಝೋನಿಂಗ್ ಪುಸ್ತಕವೂ ಬಾಯಿ ಬಿಡುವುದಿಲ್ಲ.

ನನ್ನ ತಕರಾರು ಶುರುವಾಗುವುದೇ ಇಲ್ಲಿಂದ. ಇಲ್ಲಿ ಮೊದಲು ನೆಲ ಅಳೆಯುತ್ತಾರೆ, ಆಮೇಲೆ ಎಷ್ಟು ತಲೆ ಅಂತ ಹೇಳುತ್ತಾರೆ. ನೆಲ ಇದ್ದವನಿಗೆ ಕುದುರೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಧ ಎಕರೆ ಕೊಳ್ಳಬಲ್ಲವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಿಯಮದಲ್ಲಿ ಅವಕಾಶ ಇದ್ದರೂ ಬಡಾವಣೆಯ ಮಾಲೀಕರ ಸಂಘ ಬೇಡ ಅಂದರೆ ಮುಗಿಯಿತು, ಅವರ ಕರಾರು ನಗರಸಭೆಗಿಂತ ಬಿಗಿ. ವಿಶೇಷ ಅನುಮತಿ ಕೇಳಬೇಕೆಂದರೆ ಅರ್ಜಿ ಶುಲ್ಕವೇ ಸಾವಿರಾರು ಡಾಲರ್ ಆದೀತು, ಜೊತೆಗೆ ಅಕ್ಕಪಕ್ಕದವರ ಮುಂದೆ ವಿಚಾರಣೆ. ಹಾಲಿಗಾಗಿ ಒಂದು ಹಸು ಸಾಕುವ ಬಡವ ಈ ದಾರಿಯಲ್ಲಿ ಬಾಗಿಲವರೆಗೂ ಬರಲಾರ. ತಮಾಷೆ ಅಂದರೆ, ಹಲವು ಊರುಗಳು ಮನೆಯಲ್ಲಿ ಆಡು ಕಟ್ಟಬೇಡಿ ಅನ್ನುವ ಈ ರಾಜ್ಯದಲ್ಲೇ, ಬೇಸಿಗೆಗೆ ಮುಂಚೆ ಒಣಹುಲ್ಲು ಮೇಯಿಸಿ ಕಾಳ್ಗಿಚ್ಚು ತಡೆಯಲು ಎಷ್ಟೋ ನಗರಸಭೆಗಳು ಆಡಿನ ಮಂದೆಯನ್ನು ಬಾಡಿಗೆಗೆ ತರಿಸುತ್ತವೆ! ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರ 2007ರಲ್ಲಿ ಮನಸ್ಸು ಮಾಡಿ ಕುಳ್ಳ ತಳಿಯ ಆಡು ಸಾಕಲು ಬಿಟ್ಟಿತು. ಕೊಂಬು ತೆಗೆಸಬೇಕು, ಹೋತಕ್ಕೆ ಬೀಜ ಒಡೆಸಬೇಕು ಅನ್ನುವ ಷರತ್ತಿನ ಮೇಲೆ.

ಈಗ ನಮ್ಮ ಕಡೆ ಬರೋಣ. ನಾರ್ಕೋ ನಗರವಾದ ಅದೇ 1964ರಲ್ಲಿ ನಮ್ಮ ಭೂ ಕಂದಾಯ ಕಾಯ್ದೆ ಬಂತು. ಹಳ್ಳಿಯಲ್ಲಿ ದನ ಪುಕ್ಕಟೆ ಮೇಯಲು ನೆಲ ಕಾದಿರಿಸಬೇಕು ಅಂತ ಅದರಲ್ಲಿದೆ. 1966ರ ನಿಯಮಗಳಲ್ಲಿ 97ನೆಯದು ಲೆಕ್ಕವನ್ನೂ ಹೇಳುತ್ತದೆ: ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ. ತಲೆಗೆ 12 ಗುಂಟೆ ಬಿತ್ತು. ಲಾಸ್ ಏಂಜಲೀಸಿನವರು ಕುದುರೆಗೆ ಕೊಡುವ ಜಾಗದ ಮೂರು ಪಟ್ಟಿಗಿಂತ ಜಾಸ್ತಿ! ಅದೂ ನಿಜವಾಗಿ ಮೇಯುವ ನೆಲ. ಸ್ವಂತ ಜಮೀನೇ ಇಲ್ಲದವನ ಹಸುವಿಗೂ ಅದರಲ್ಲಿ ಪಾಲು.

ಮೊದಲು ತಲೆ ಎಣಿಸು, ಆಮೇಲೆ ನೆಲ ಬಿಡು. ಅಮೆರಿಕದ ಲೆಕ್ಕಕ್ಕೆ ಪೂರ್ತಿ ಉಲ್ಟಾ. ನನ್ನ ಮಟ್ಟಿಗೆ ಇದೇ ಮೇಲು. ಪ್ರಾಣಿಗೆ ಎಷ್ಟು ಜಾಗ ಬೇಕು ಅನ್ನುವ ಪ್ರಶ್ನೆಗೆ ಪ್ರಾಣಿಯನ್ನು ನೋಡಿಯೇ ಉತ್ತರ ಕೊಟ್ಟ ಕಾನೂನು ಇದು, ಮಾಲೀಕನ ಖಾತೆ ಪತ್ರ ನೋಡಿ ಅಲ್ಲ.

ಇಂಥ ಪದ್ಧತಿ ಅಮೆರಿಕದವರಿಗೂ ಗೊತ್ತಿತ್ತು. ಬೋಸ್ಟನ್ ನಗರದ ನಡುಮಧ್ಯೆ ಇರುವ ದೊಡ್ಡ ಉದ್ಯಾನ 1634ರಲ್ಲಿ ಊರಿನವರು ಒಟ್ಟಾಗಿ ಮಾಡಿಕೊಂಡ ಗೋಮಾಳ. 1830ರವರೆಗೆ ಅಲ್ಲಿ ಹಸು ಮೇಯುತ್ತಿದ್ದವು. ಹಸು ಹೋದರೂ ನೆಲ ಹೋಗಲಿಲ್ಲ, ಇವತ್ತಿಗೂ ಪಾರ್ಕಾಗಿ ಎಲ್ಲರಿಗೂ ಸೇರಿದ್ದಾಗಿದೆ. ನಮ್ಮಲ್ಲಿ ಆದದ್ದು ಬೇರೆ. ದನದ ಗಣತಿ ಕಡಿಮೆಯಾದಂತೆ ಇಷ್ಟು ಗೋಮಾಳ ಹೆಚ್ಚುವರಿ ಅಂತ ತೋರಿಸಿ ಮಂಜೂರು ಮಾಡುತ್ತಾ ಹೋದರು. ಕಾಪಾಡಲು ಬರೆದ ಲೆಕ್ಕವೇ ಕತ್ತರಿಯಾಯಿತು. ಬಗರ್‌ಹುಕುಂನಲ್ಲಿ, ಅಂದರೆ ಅನುಮತಿ ಇಲ್ಲದೆ ಉಳುತ್ತಿದ್ದ ಸರ್ಕಾರಿ ನೆಲಕ್ಕೆ, ಫಾರಂ 50, 53, 57ರ ಅರ್ಜಿ ಹಾಕಿ ಸಕ್ರಮ ಮಾಡಿಸಿಕೊಂಡವರಲ್ಲಿ ನಿಜವಾದ ಬಡ ರೈತರು ಬೇಕಾದಷ್ಟಿದ್ದರು, ಅವರನ್ನು ದೂರುವುದಿಲ್ಲ. ಆದರೆ ಅವರ ಹೆಸರಲ್ಲಿ ನುಂಗಿದ ದೊಡ್ಡವರೂ ಇದ್ದಾರೆ. ಉಳಿದದ್ದರಲ್ಲಿ ಕಾಲೇಜು, ಕಚೇರಿ, ಸ್ಮಶಾನ, ಕಸದ ಗುಡ್ಡೆ. ಚಳ್ಳಕೆರೆಯ ಕಡೆ ಅಮೃತಮಹಲ್ ಕಾವಲುಗಳ, ಅಂದರೆ ಆ ತಳಿಯ ದನಕ್ಕೆ ಕಾದಿರಿಸಿದ್ದ ಹುಲ್ಲುಗಾವಲುಗಳ, ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ತಲೆತಲಾಂತರದಿಂದ ಅಲ್ಲಿ ಕುರಿ ಮೇಯಿಸುತ್ತಿದ್ದವರು ಬೇಲಿಯ ಈಚೆ ಉಳಿದರು.

ಹಳ್ಳಿಯ ಕಥೆ ಇದಾದರೆ, ಬೆಂಗಳೂರಿನಂಥ ಕಡೆ ಇನ್ನೂ ಒಂದು ಸುತ್ತು ಜಾಸ್ತಿ. ಅಲ್ಲಿ ದನ ನಗರಕ್ಕೆ ಬಂದದ್ದಲ್ಲ, ನಗರ ದನದ ಬಳಿಗೆ ಬಂದದ್ದು. ಹೊಲ ಹೋಗಿ ಲೇಔಟ್ ಆಯಿತು, ಗೋಮಾಳ ಹೋಗಿ ಅಪಾರ್ಟ್‌ಮೆಂಟ್ ಆಯಿತು, ಹಳೇ ಊರಿನ ನಾಲ್ಕು ಗಲ್ಲಿ ಮಾತ್ರ ಹಾಗೇ ಉಳಿಯಿತು. ಆ ಗಲ್ಲಿಯ ಮನೆಯವರು ಎರಡು ಹಸು ಇಟ್ಟುಕೊಂಡು ಬೆಳಿಗ್ಗೆ ಸಂಜೆ ಹಾಲು ಹಾಕಿ ಸಂಸಾರ ತೂಗಿಸುತ್ತಾರೆ. ಹಗಲು ಹಸುವನ್ನು ರಸ್ತೆಗೆ ಬಿಡುತ್ತಾರೆ, ಅದು ಕಸದ ಜೊತೆ ಪ್ಲಾಸ್ಟಿಕ್ ತಿನ್ನುತ್ತದೆ. ಹೊಸದಾಗಿ ಬಂದ ಅಪಾರ್ಟ್‌ಮೆಂಟಿನವರು ಸಗಣಿ, ವಾಸನೆ, ಟ್ರಾಫಿಕ್ ಅಂತ ದೂರು ಕೊಡುತ್ತಾರೆ. ಪಾಲಿಕೆಯವರು ಬಂದು ದನ ಹಿಡಿದು ದೊಡ್ಡಿಗೆ ಹಾಕಿ ದಂಡ ಕಟ್ಟಿಸಿಕೊಳ್ಳುತ್ತಾರೆ. ದನವನ್ನು ದೊಡ್ಡಿಗೆ ಹಾಕುವ ಕಾನೂನು ಬ್ರಿಟಿಷರ ಕಾಲದಿಂದಲೇ ಬಂದದ್ದು. ಹಿಡಿಯುವುದಕ್ಕೆ ಕಾನೂನು ಚೆನ್ನಾಗಿ ನೆನಪಿದೆ, ಮೇಯಿಸುವುದಕ್ಕೆ ಬರೆದದ್ದು ಮಾತ್ರ ಮರೆತುಹೋಗಿದೆ.

ಇದೇ ತರಹದ ಜಗಳಕ್ಕೆ ಅಮೆರಿಕದಲ್ಲಿ ಒಂದು ಒಳ್ಳೆಯ ತೀರ್ಪು ಬಂದಿದೆ. ನಮ್ಮವರು ಓದಬೇಕಾದದ್ದು. ಅರಿಜೋನಾದ ಫೀನಿಕ್ಸ್ ಪಕ್ಕ ಒಬ್ಬ ಬಿಲ್ಡರ್ ಸನ್ ಸಿಟಿ ಅಂತ ನಿವೃತ್ತರಿಗಾಗಿ ಊರು ಕಟ್ಟುತ್ತಾ ಕಟ್ಟುತ್ತಾ ಮೊದಲಿಂದಲೂ ಇದ್ದ ಒಂದು ದನದ ಫಾರ್ಮಿನ ಹತ್ತಿರಕ್ಕೇ ಬಂದ. ಅಲ್ಲಿ 20ರಿಂದ 30 ಸಾವಿರ ದನ. ವಾಸನೆ, ನೊಣ ತಡೆಯಲಾಗದೆ ಕೇಸು ಹಾಕಿದ. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು: ಜನರ ಆರೋಗ್ಯದ ಪ್ರಶ್ನೆ, ಫಾರ್ಮ್ ಜಾಗ ಖಾಲಿ ಮಾಡಬೇಕು. ಆದರೆ ಜನರನ್ನು ಅಲ್ಲಿಗೆ ಕರೆತಂದವನು ಬಿಲ್ಡರ್ರೇ ಆದ್ದರಿಂದ ಖಾಲಿ ಮಾಡುವ ಖರ್ಚನ್ನು ಅವನೇ ಕೊಡಬೇಕು! ಕ್ಯಾಲಿಫೋರ್ನಿಯಾದ ಕಾನೂನೂ ಇದೇ ದಿಕ್ಕಿನದು. ಮೂರು ವರ್ಷಕ್ಕೂ ಹೆಚ್ಚು ಕಾಲ ಸರಿಯಾಗಿ ನಡೆದುಕೊಂಡು ಬಂದ ವ್ಯವಸಾಯದ ಕಸುಬನ್ನು, ಸುತ್ತ ಹೊಸ ಮನೆ ಬಂತು ಅನ್ನುವ ಒಂದೇ ಕಾರಣಕ್ಕೆ ಉಪದ್ರವ ಅನ್ನುವ ಹಾಗಿಲ್ಲ. ಹಾಗಂತ ಇಲ್ಲಿ ದನ ಉಳಿದವು ಅಂತಲೂ ಅಲ್ಲ. ಪಕ್ಕದ ಚೀನೊ ಸೀಮೆಯ ಹಾಲಿನ ಫಾರ್ಮುಗಳು ಹೆಚ್ಚಿನವು ನೆಲ ಮಾರಿ ಉತ್ತರದ ಕಣಿವೆಗಳಿಗೆ ಹೋದವು. ಆದರೆ ಕೈಯಲ್ಲಿ ದುಡ್ಡು ಹಿಡಿದು ಹೋದವು, ದಂಡ ಕಟ್ಟಿ ಅಲ್ಲ.

ನಮ್ಮ ಹಳೇ ಗಲ್ಲಿಯವನಿಗೆ ಈ ಎರಡೂ ಇಲ್ಲ. ಮೊದಲು ಬಂದವನು ಅನ್ನುವ ಹಕ್ಕೂ ಇಲ್ಲ, ಎದ್ದು ಹೋಗು ಅಂದಾಗ ಪರಿಹಾರವೂ ಇಲ್ಲ. ಇಂಥ ಕಡೆ ಅಮೆರಿಕದ ಹಾಗೆ ಹಸುವಿಗೆ ಇಷ್ಟು ಚದರ ಅಡಿ ಸೈಟು ಕಡ್ಡಾಯ ಅಂತ ತಂದರೆ ಏನಾಗುತ್ತದೆ? ಎರಡು ಹಸುವಿನವನು ಹೋಗುತ್ತಾನೆ, ಫಾರ್ಮ್‌ಹೌಸಿನಲ್ಲಿ ಷೋಕಿಗೆ ಗಿರ್ ತಳಿ ಕಟ್ಟಿದವನು ಉಳಿಯುತ್ತಾನೆ. ಆಧುನಿಕ ನಿಯಮ ಅಂತ ಅದನ್ನು ತಂದುಬಿಡಬೇಡಿ ಅನ್ನುವುದೇ ನನ್ನ ಕೋರಿಕೆ.

ತರುವುದಾದರೆ ವಾರದೊಳಗೆ ಸಗಣಿ ಎತ್ತಿಸುವ ನಿಯಮ ತನ್ನಿ. ಎತ್ತುವ ವ್ಯವಸ್ಥೆ ಪಾಲಿಕೆಯದಾಗಲಿ, ಗೋಬರ್ ಗ್ಯಾಸಿಗೋ ಗೊಬ್ಬರಕ್ಕೋ ಹೋಗಲಿ. ಮೊದಲು ಬಂದವನ ಹಕ್ಕನ್ನೂ ತನ್ನಿ. ನೆಲದ ಲೆಕ್ಕ ಮಾತ್ರ ನಮ್ಮ 97ನೇ ನಿಯಮದ್ದೇ ಇರಲಿ. ಹೊಸ ಲೇಔಟ್ ಮಾಡುವವರು ಪಾರ್ಕಿಗೆ, ಸಿಎ ಸೈಟಿಗೆ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ) ಜಾಗ ಬಿಡಲೇಬೇಕು ಅಲ್ವಾ? ಆ ಲೇಔಟ್ ಒಂದು ಹಳ್ಳಿಯನ್ನು ನುಂಗುತ್ತಿದ್ದರೆ, ನೋಟಿಫಿಕೇಷನ್ ಆದ ದಿನ ಅಲ್ಲಿ ಎಷ್ಟು ದನ ಇವೆಯೋ ಎಣಿಸಿ, ಅಷ್ಟಕ್ಕೆ ಎಲ್ಲರೂ ಸೇರಿ ಬಳಸುವ ಕೊಟ್ಟಿಗೆಯ ಜಾಗ, ನೀರಿನ ತೊಟ್ಟಿ, ಒಂದಿಷ್ಟು ಮೇವಿನ ನೆಲ ಬಿಡಿಸಿಕೊಳ್ಳಲಿ. ತಲೆಗೆ 12 ಗುಂಟೆ ನಗರದಲ್ಲಿ ಆಗದ ಮಾತು, ಒಪ್ಪುತ್ತೇನೆ. ಒಂದು ಗುಂಟೆ ಕೊಟ್ಟರೂ ಕಟ್ಟಿ ಮೇವು ಹಾಕಬಹುದು, ರಸ್ತೆಗೆ ಬಿಡುವ ಅಗತ್ಯ ಬೀಳುವುದಿಲ್ಲ. ಮುಂದೊಂದು ದಿನ ದನವೇ ಇಲ್ಲವಾದರೆ ಬೋಸ್ಟನ್ನಿನವರ ಹಾಗೆ ಪಾರ್ಕ್ ಮಾಡಲಿ, ಹರಾಜು ಹಾಕುವುದು ಮಾತ್ರ ಬೇಡ.

ಇನ್ನೊಂದು ವಿಷಯ, ಯೋಜನೆ ಮಾಡುವವರು ಯಾವಾಗಲೂ ಮರೆಯುವಂಥದ್ದು. ಆ ಜಾಗ ಹಳೇ ಗಲ್ಲಿಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹಾಲು ಕರೆಯುವುದು ಬೆಳಿಗ್ಗೆ ನಾಲ್ಕೂವರೆಗೆ, ಮತ್ತೆ ಮಧ್ಯಾಹ್ನ ಮೂರೂವರೆಗೆ, ಎರಡು ಹೊತ್ತೂ ಮನೆಯ ಹೆಂಗಸರೇ ಜಾಸ್ತಿ ಮಾಡುವ ಕೆಲಸ. ಊರಾಚೆ ಐದು ಕಿಲೋಮೀಟರ್ ದೂರದಲ್ಲಿ ಎಷ್ಟೇ ಚೆಂದದ ಶೆಡ್ ಕಟ್ಟಿಸಿಕೊಟ್ಟರೂ ಅವರು ಹೋಗುವುದಿಲ್ಲ, ಹಸು ಮತ್ತೆ ಅದೇ ರಸ್ತೆಯಲ್ಲಿ ನಿಂತಿರುತ್ತದೆ.